ಒಪ್ಪತ್ತಿನ ಪಾರ್ಕು ನೆಟ್ಟ ಜುಂಜಣ್ಣ

ಹೊಳಲ್ಕೆರೆ ರಸ್ತೆಯ ಪಕ್ಕದ ಹೊಸ ಬಡಾವಣೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಜುಂಜಣ್ಣ ಆಗಲೇ ಗುಂಡಿ ತೋಡಿ ಬೆವರೊರೆಸಿಕೊಳ್ಳುತ್ತಿದ್ದಾರೆ. ಲಗೇಜ್ ಆಟೋದಿಂದ ಹೊಂಗೆ ಗಿಡಗಳನ್ನು ಒಂದೊಂದಾಗಿ ಇಳಿಸಿ, ಕಪ್ಪು ಪ್ಲಾಸ್ಟಿಕ್ ಕವರಿನ ಸಮೇತ ಗುಂಡಿಗೆ ಇಟ್ಟು, ಮೇಲೆ ಮಣ್ಣೆಳೆದು ಮೆಲ್ಲಗೆ ತುಳಿಯುತ್ತಾರೆ. ಕವರ್ ಬಿಚ್ಚುವುದಿಲ್ಲ. ಬಿಚ್ಚಿದರೆ ಸಂಜೆ ಕೀಳುವುದು ಕಷ್ಟ. ನಾಳೆ ಇವೇ ಗಿಡಗಳು ಇನ್ನೊಂದು ಬಡಾವಣೆಯಲ್ಲಿ ಪಾರ್ಕಾಗಬೇಕಲ್ಲ!

“ಹಿರಿಯೂರಿನ ನರ್ಸರಿಯಿಂದ ಬಾಡಿಗೆಗೆ ಬಂದಾವೆ ಇವು. ಮೊನ್ನೆ ಐಮಂಗಲದ ಹತ್ರ ಪಾರ್ಕಾಗಿದ್ವು. ನನಗಿಂತ ಜಾಸ್ತಿ ಊರು ನೋಡ್ಯಾವೆ” ಎನ್ನುತ್ತಾರೆ ಜುಂಜಣ್ಣ. ಮಾತೇನೋ ತಮಾಷೆಯದೇ. ಹೇಳುವವರ ಮುಖದಲ್ಲಿ ಮಾತ್ರ ನಗುವಿನ ಸುಳಿವಿಲ್ಲ, ಕಣ್ಣು ನೆಲ ಬಿಟ್ಟು ಏಳುವುದಿಲ್ಲ.

ಐವತ್ತು ದಾಟಿದ ಜುಂಜಣ್ಣ ಚಿತ್ರದುರ್ಗದ ಪಕ್ಕದ ಮದಕರಿಪುರದವರು. ಬಡಾವಣೆಗಳಲ್ಲಿ ಸುಣ್ಣದ ಗೆರೆ ಎಳೆದು, ಸೈಟಿನ ಮೂಲೆಗೆ ಕಲ್ಲು ನೆಡುವುದು ಕಸುಬು. ಅಪ್ಪನದೂ ಅದೇ ಕೆಲಸ, ಆಗ ಹೊಲದ ಬದುಗಳಲ್ಲಿ. ಕಲ್ಲು ನೆಡುವವನು ಸುಳ್ಳು ಹೇಳಬಾರದು, ಹೇಳಿದರೆ ಎರಡು ಮನೆ ಹಾಳು ಎಂದು ಆ ಮುದುಕ ಸಾಯುವ ತನಕ ಹೇಳುತ್ತಲೇ ಇದ್ದನಂತೆ. ಮಗನ ಬೆರಳ ಸಂದುಗಳನ್ನು ಸುಣ್ಣ ತಿಂದುಹಾಕಿದೆ. ಹಾರೆ ಎತ್ತಿ ಎತ್ತಿ ಬಲಭುಜ ಇಳಿಬಿದ್ದಿದೆ. ಕೆಲಸವಿದ್ದ ದಿನ ಬೆಳಗಿನಿಂದ ಕತ್ತಲವರೆಗೆ ಬಗ್ಗಿದ ಬೆನ್ನು ಎತ್ತುವಂತಿಲ್ಲ, ಇಲ್ಲದ ದಿನ ಕರೆಗಾಗಿ ಫೋನು ನೋಡುತ್ತ ಕೂರಬೇಕು. ಬಿಸಿಲಿಗೆ ಹೆದರಿದರೆ ಈ ಸೀಮೆಯಲ್ಲಿ ಬದುಕಿದ ಹಾಗೇ!

ಹೊಲ ಹೇಗೆ ಸೈಟಾಗುತ್ತದೆ ಎಂಬುದು ಕೊಳ್ಳುವವರಲ್ಲೇ ಬಹಳ ಮಂದಿಗೆ ಗೊತ್ತಿಲ್ಲ. ಮೊದಲು ಅದು ಸರ್ಕಾರದ ದಾಖಲೆಯಲ್ಲಿ ಸಾಗುವಳಿಯ ಜಮೀನೆಂಬ ಹೆಸರು ಕಳೆದುಕೊಳ್ಳಬೇಕು. ಆಮೇಲೆ ನಕ್ಷೆ. ರಸ್ತೆಗಿಷ್ಟು, ಪಾರ್ಕಿಗಿಷ್ಟು, ಅಂಗನವಾಡಿಯಂಥ ನಾಲ್ಕು ಜನರ ಕೆಲಸಕ್ಕಿಷ್ಟು ಎಂದು ಜಾಗ ಬಿಟ್ಟುಕೊಟ್ಟರಷ್ಟೇ ಒಪ್ಪಿಗೆ. ಒಪ್ಪಿಗೆ ಸಿಕ್ಕ ಮೇಲೂ ಎಲ್ಲ ಸೈಟನ್ನೂ ಮಾರುವಂತಿಲ್ಲ, ಒಂದು ಪಾಲನ್ನು ಸ್ಥಳೀಯ ಆಡಳಿತ ತನ್ನ ಮುಷ್ಟಿಯಲ್ಲಿ ಇಟ್ಟುಕೊಂಡಿರುತ್ತದೆ. ಎಂಜಿನಿಯರ್ ಬಂದು ರಸ್ತೆ, ಚರಂಡಿ, ಪಾರ್ಕು ನಿಜಕ್ಕೂ ಆಗಿದೆಯೇ ಎಂದು ನೋಡಬೇಕು, ಆಡಳಿತದ ಸದಸ್ಯರ ಸಭೆ ಒಪ್ಪಬೇಕು, ಆಗ ಮುಷ್ಟಿ ಸಡಿಲ. ಕಾನೂನು ಬರೆದವರು ದಡ್ಡರಲ್ಲ. ಆದರೆ ಚಾಪೆಯ ಕೆಳಗೆ ತೂರುವವರಿದ್ದರೆ ರಂಗೋಲಿಯ ಕೆಳಗೆ ತೂರುವವರೂ ಇರುತ್ತಾರೆ. ಎಂಜಿನಿಯರ್ ಬರುವ ಆ ಒಂದು ದಿನಕ್ಕಾಗಿಯೇ ಜುಂಜಣ್ಣನವರಿಗೆ ಕರೆ ಬರುತ್ತದೆ.

ಕರೆಯುವವರು ಕೊಟ್ರೇಶ್, ಬಡಾವಣೆ ಮಾಡುವವರ ಮೇಸ್ತ್ರಿ. ಸೈಟು ಬಿಡುಗಡೆಯಾಗಿ ಕೆಲವು ತಿಂಗಳು ಕಳೆದ ಮೇಲೆ ಅವರಿಂದಲೇ ಇನ್ನೊಂದು ಕರೆಯೂ ಬರುವುದುಂಟು. ಪಾರ್ಕಿನ ಜಾಗಕ್ಕೆ ಗೆರೆ ಎಳೆದು, ಅಲ್ಲಿಯೂ ಸೈಟಿನ ಕಲ್ಲು ನೆಡುವ ಕರೆ. ಹೊಸದುರ್ಗದ ಕಡೆಯ ಒಂದು ಬಡಾವಣೆಯಲ್ಲಿ ಹಾಗೇ ಆಯಿತು. ಜುಂಜಣ್ಣ ತುಟಿ ಪಿಟಕ್ಕೆನ್ನದೆ ಹೋಗಿ ನೆಟ್ಟು ಬಂದರು. ಬೇಲಿ ಹಾಕಿದ ಕೈಯೇ ಹೊಲ ಮೇಯ್ದಿತು ಎಂದು ಬೇಕಾದರೆ ಅನ್ನಿ, ಅವರು ಬೇಡ ಅನ್ನುವುದಿಲ್ಲ.

ಅಲ್ಲಿಗೆ ಸೈಟು ನೋಡಲು ಬಂದವಳು ಓಬವ್ವ. ಮದಕರಿಪುರದ ಹೆಣ್ಣುಮಗಳು, ಹೊಸದುರ್ಗದಲ್ಲಿ ಹುಡುಗಿಯರ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಾಳೆ. ಗಂಡನಿಲ್ಲ. ತಂಗಿಯ ಮನೆಯ ಒಂದು ಕೋಣೆಯಲ್ಲಿ ಬಾಳುವವಳಿಗೆ ಸ್ವಂತ ಬಾಗಿಲು ಹಾಕಿಕೊಂಡು ಮಲಗುವ ಆಸೆ. ತವರಿನ ಅಣ್ಣ ಕಲ್ಲು ನೆಡುತ್ತಿರುವುದನ್ನು ಕಂಡು ಅವಳ ಮುಖ ಅರಳಿತು. ಜಾಗ ಹೆಂಗೈತಣ್ಣ ಎಂದು ಕೇಳಿದಳು. ಪಕ್ಕದಲ್ಲೇ ಕೊಟ್ರೇಶ್ ನಿಂತಿದ್ದರು.

“ಕಣ್ಮುಚ್ಕಂಡು ತಗಳವ್ವ ಅಂದ್ಬಿಟ್ಟೆ. ನಂದೇ ಬಾಯಿ ಸ್ವಾಮಿ, ಬ್ಯಾರೇರ್ದಲ್ಲ” ಎನ್ನುತ್ತಾರೆ ಜುಂಜಣ್ಣ.

ಈ ಕಡೆ ಒಂದು ಪದ್ಧತಿಯಿದೆ. ಸೈಟು ಕೊಂಡವರು ಈಶಾನ್ಯದ ಕಲ್ಲಿಗೆ ಅರಿಶಿನ ಕುಂಕುಮವಿಟ್ಟು ಕಾಯಿ ಒಡೆದು, ಕಲ್ಲು ನೆಟ್ಟವನಿಗೆ ಹೊಸ ಟವೆಲು ಹೊದಿಸುತ್ತಾರೆ. ನೆಲ ಗಟ್ಟಿ ಎಂದು ಅವನೇ ಸಾಕ್ಷಿ. ಓಬವ್ವನೂ ಹೊದಿಸಿ, ಕಾಲಿಗೆ ನಮಸ್ಕಾರ ಮಾಡಲು ಬಗ್ಗಿದಳು. ಜುಂಜಣ್ಣ ಹಿಂದಕ್ಕೆ ಸರಿದರು. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತಂತೆ. ಆದರೂ ಬಾಯಿ ಬಿಡಲಿಲ್ಲ, ಕೊಟ್ರೇಶರ ಬೈಕಿನ ಹಿಂದೆ ಕೂತು ಮನೆಗೆ ಬಂದರು. ಪಾಯ ಎದ್ದ ಮೇಲೆ ಓಬವ್ವ ಮನೆ ಕಟ್ಟುವ ಪರವಾನಗಿ ಕೇಳಲು ಹೋದಳು. ನಕ್ಷೆಯಲ್ಲಿ ಇದು ಪಾರ್ಕು, ಖಾತೆಯೂ ಇಲ್ಲ, ಮನೆಯೂ ಇಲ್ಲ ಎಂದರು ಕಚೇರಿಯವರು. ಪಾಯದ ಮೇಲೆ ಈಗ ಮುಳ್ಳುಗಿಡ ಬೆಳೆದಿದೆ.

ನಡುವೆ ಒಮ್ಮೆ ಸಂತೆಯಲ್ಲಿ ಸಿಕ್ಕಿದ್ದಳು. ತಪ್ಪಿಸಿಕೊಳ್ಳಲು ನೋಡಿದರೆ ಅವಳೇ ಅಡ್ಡ ಬಂದು ನಿಲ್ಲಿಸಿದಳು. ತನ್ನ ಗೋಳೆಲ್ಲ ಹೇಳಿಕೊಂಡು, ಕೊನೆಗೆ ಇವರಿಗೇ ಸಮಾಧಾನ ಹೇಳಿದಳಂತೆ, ನಿನಗೇನು ಗೊತ್ತಿತ್ತಣ್ಣ, ನೀನು ಕಲ್ಲು ನೆಡೋನು ಎಂದು. ಆ ಮಾತು ಕೇಳಿದ ಮೇಲೆ ಜುಂಜಣ್ಣನವರಿಗೆ ನಿದ್ದೆ ಅಷ್ಟಕ್ಕಷ್ಟೆ.

ಬಿಸಿಲೇರುವ ಹೊತ್ತಿಗೆ ಜೀಪು ಬರುತ್ತದೆ. ಎಂಜಿನಿಯರ್ ಮೇಘಶ್ರೀ ರಸ್ತೆ ಅಳೆಸುತ್ತಾರೆ, ಚರಂಡಿಗೆ ಬಗ್ಗಿ ನೋಡುತ್ತಾರೆ. ಪಾರ್ಕಿನ ಬಳಿ ಬಂದಾಗ ಗಿಡಗಳಿಗೆ ನೀರು ಹಾಕುವವರು ಯಾರೆಂದು ಕೇಳುತ್ತಾರೆ. ಕೊಟ್ರೇಶ್ ಜುಂಜಣ್ಣನವರ ಹೆಗಲ ಮೇಲೆ ಕೈಯಿಟ್ಟು, ಮಕ್ಕಳಂಗೆ ಸಾಕ್ಯಾನೆ ಮೇಡಂ ಎನ್ನುತ್ತಾರೆ. ಹಾಗಾದರೆ ಗಿಡದ ಪಕ್ಕ ನಿಲ್ಲಿ, ಸಭೆಗೆ ಒಂದು ಫೋಟೋ ಬೇಕು ಎಂದು ಮೇಘಶ್ರೀ ಮೊಬೈಲು ಹಿಡಿಯುತ್ತಾರೆ.

ಜುಂಜಣ್ಣ ನಿಲ್ಲುತ್ತಾರೆ. ಸಾಕ್ಷಿ ನಿಲ್ಲುವುದು ಅವರಿಗೆ ಹೊಸದಲ್ಲ. ಆದರೆ ಈ ಸಲ, ಇದೇ ಜಾಗದಲ್ಲಿ ನಾಳೆ ಇನ್ಯಾವಳೋ ಓಬವ್ವ ಕಾಯಿ ಒಡೆಯುತ್ತಾಳೆ, ಟವೆಲು ತರುತ್ತಾಳೆ ಎಂಬುದೊಂದೇ ತಲೆಯಲ್ಲಿ. ಬಗ್ಗಿ, ಪಕ್ಕದ ಗಿಡದ ಬುಡ ಹಿಡಿದು ಎಳೆಯುತ್ತಾರೆ. ಕಪ್ಪು ಕವರಿನ ಸಮೇತ ಅದು ಎದ್ದು ಬರುತ್ತದೆ.

“ಇದು ಪಾರ್ಕಲ್ಲ ಮೇಡಂ. ಸಂಜಿಗೆ ಇವು ಇರಲ್ಲ. ಹೊಸದುರ್ಗದ ಕಡೆನೂ ಹಿಂಗೇ ಮಾಡಿ ಒಬ್ಬ ಹೆಣ್ಮಗಳ ಬಾಳಿಗೆ ಕಲ್ಲು ಹಾಕೀನಿ.”

ಬಿಸಿಲಿಗೆ ತಲೆ ಕೆಟ್ಟೈತೆ ಇವನಿಗೆ ಎಂದು ಕೊಟ್ರೇಶ್ ನಗಲು ನೋಡುತ್ತಾರೆ. ಅವರ ಜೊತೆ ಯಾರೂ ನಗುವುದಿಲ್ಲ. ಮೇಘಶ್ರೀ ಮೊಬೈಲು ಕೆಳಗಿಳಿಸುತ್ತಾರೆ. ಅವರ ಮುಖವೂ ಕೆಂಪಾಗಿದೆ.

“ಬುಡದ ಹಸಿ ಮಣ್ಣು ನೋಡಿದ್ರೆ ಗೊತ್ತಾಗುತ್ತೆ ಕಣ್ರೀ. ಇಷ್ಟು ದಿನ ನೀವೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ” ಎನ್ನುತ್ತಾರೆ ಮೆಲ್ಲಗೆ.

ಹೊಳಲ್ಕೆರೆ ರಸ್ತೆಯ ಆ ಬಡಾವಣೆಯ ಉಳಿದ ಸೈಟುಗಳ ಬಿಡುಗಡೆಯನ್ನು ಸಭೆ ತಡೆಹಿಡಿದಿದೆ. ಪಾರ್ಕಿಗೆ ತಂತಿಬೇಲಿ ಬಂದು, ಜಾಗ ಸಾರ್ವಜನಿಕರ ಹೆಸರಿಗೆ ಆಗುವ ತನಕ ಬಿಡುವಂತಿಲ್ಲ ಎಂದು ಸದಸ್ಯರು ಅಂದು ಒಂದೇ ಬಾಯಲ್ಲಿ ಹೇಳಿದರಂತೆ. ಜುಂಜಣ್ಣನವರಿಗೆ ಅಲ್ಲಿಂದಾಚೆಗೆ ಕರೆ ನಿಂತಿದೆ. ಗಿಡ ಕಿತ್ತ ಸುದ್ದಿ ಅಂದೇ ಅವರಿಗಿಂತ ಮೊದಲು ಮನೆ ಮುಟ್ಟಿತ್ತು. ಈಗ ಭೀಮಸಮುದ್ರದ ತೋಟಗಳಲ್ಲಿ ಬೇಲಿ ಕಂಬ ನೆಡಲು ಹೋಗುತ್ತಾರೆ. ಊರಿನಲ್ಲಿ ಕೆಲವರು ಬೆನ್ನು ತಟ್ಟಿದ್ದೂ ಉಂಟು. ತಟ್ಟಿದ ಕಡೆಯೆಲ್ಲ ಉರಿಯುತ್ತದೆ ಎನ್ನುತ್ತಾರೆ.

ಏಕೆಂದರೆ ಓಬವ್ವನ ಜಾಗ ಹೋದದ್ದು ಹೋಯಿತು. ಪಾರ್ಕಿನ ಮೇಲೆ ಮನೆಗೆ ಯಾವ ಸಭೆಯೂ ಒಪ್ಪಿಗೆ ಕೊಡುವಂತಿಲ್ಲ, ಮಾರಿದವರ ಮೇಲೆ ಅವಳು ಕೋರ್ಟಿಗೇ ಹೋಗಬೇಕು. ಎಲ್ಲ ಬಲ್ಲೆ ಎಂದು ಅಲ್ಲಿ ಸಾಕ್ಷಿ ಹೇಳಲು ಜುಂಜಣ್ಣ ಒಪ್ಪಿದ್ದಾರೆ. ಆದರೆ ಅದಕ್ಕೆ ಮೊದಲು ಅವಳಿಗೇ ಹೇಳಬೇಕಿತ್ತು. ಜೀಪು ಬಂದ ದಿನವೇ ಸಂಜೆ ಬಸ್ಸು ಹತ್ತಿ ಹೊಸದುರ್ಗಕ್ಕೆ ಹೋದರು. ಹಾಸ್ಟೆಲಿನ ಅಡುಗೆಮನೆಯಲ್ಲಿ ಅವಳು ಮುದ್ದೆ ತಿರುವುತ್ತಿದ್ದಳು. ಬಾಗಿಲಲ್ಲೇ ನಿಂತು, ಒಂದೂ ಬಿಡದೆ ಒಪ್ಪಿಸಿದರು.

ಓಬವ್ವ ತಿರುವುವ ಕೋಲು ನಿಲ್ಲಿಸಿದಳು. “ಗೊತ್ತಿದ್ದೂ ಹೇಳಿದ್ಯಲ್ಲಣ್ಣ” ಎಂದಳು, ಅಷ್ಟೆ. ಆಮೇಲೆ ತಟ್ಟೆ ಹಾಕಿ, ಕುಂತ್ಕ ಎಂದು ಮುದ್ದೆ ಇಟ್ಟು ಸಾರು ಬಿಟ್ಟಳು. ಅವಳು ಎದುರಿಗೇ ನಿಂತು, ಅವರು ತಿಂದು ಮುಗಿಸುವ ತನಕ ಕದಲಲಿಲ್ಲ.

ಕೋರ್ಟಿನ ಕೆಲಸಕ್ಕೆಂದು ಆಮೇಲೂ ಹೋಗಿ ಬರುತ್ತಿದ್ದಾರೆ. ಮುಂದೆ ಏನಾಗಬೇಕು ನಿಮಗೆ ಎಂದು ಕೇಳಿದರೆ ಹಾರೆಯ ತುದಿಗೆ ಮೆತ್ತಿದ ಮಣ್ಣನ್ನು ಉಗುರಿನಿಂದ ಕೆರೆಯುತ್ತಾರೆ.

“ಆಕಿ ಒಂದ್ಸಲ ಬಾಯ್ತುಂಬ ಬೈದ್ರೆ ಸಾಕು ಸ್ವಾಮಿ. ಹೋದಾಗೆಲ್ಲ ಉಣ್ಣಾಕೆ ಇಕ್ಕತಾಳೆ.”