ಹಡಗಲಿಯ ಗೋದಲಿಗೆ ಬಂದ ಕಲ್ಲು

ಕ್ರಿಸ್‌ಮಸ್ಸಿಗೆ ಇನ್ನೆರಡು ದಿನ ಇರುವಾಗ ಬೆಳಗಿನ ಬಸ್ಸಿಗೆ ಕೂಡ್ಲಿಗಿಯಿಂದ ಹೊರಟೆ. ಹಲ್ಲು ಕಟಕಟ ಅನ್ನುವಷ್ಟು ಥಂಡಿ. ಕಂಡಕ್ಟರ್ ನನ್ನ ಆಧಾರ್ ಕಾರ್ಡು ನೋಡಿ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟ.

"ಎತ್ಲಾಗ ಹೊಂಟ್ರಿ ಇಷ್ಟು ಲಗೂನ?"

"ಹಡಗಲಿಗ್ರಿ. ಪತ್ತೇದಾರಿಕಿ ಮಾಡಾಕ."

"ಮಾಡ್ರಿ ಮಾಡ್ರಿ, ಅದಕ್ಕೂ ಟಿಕೆಟ್ ಫ್ರೀನ ಐತಿ" ಎಂದು ಮುಂದೆ ಹೋದ.

ನಾನು ಹೇಳಿದ್ದು ಸುಳ್ಳಲ್ಲ. ಕ್ರಿಸ್‌ಮಸ್ ಹೊತ್ತಿಗೆ ಯಾವುದೋ ಸಣ್ಣ ಊರಲ್ಲಿ ಏನೋ ಒಂದು ಕಾಣೆಯಾಗಿ, ಕೇಕು ತಿನ್ನುತ್ತ ಚಹಾ ಕುಡಿಯುತ್ತ ಯಾರೋ ಒಬ್ಬ ಹೆಂಗಸು ಅದನ್ನು ಪತ್ತೆ ಮಾಡುವ ಕತೆಗಳೆಂದರೆ ನನಗೆ ಪ್ರಾಣ. ಅದರಲ್ಲಿ ರಕ್ತ ಹರಿಯುವುದಿಲ್ಲ, ಯಾರೂ ಜೈಲಿಗೆ ಹೋಗುವುದಿಲ್ಲ. ನಮ್ಮೆಜಮಾನರು ಅದನ್ನೇ ಆಡಿಕೊಳ್ಳುತ್ತಾರೆ. ಆದರೆ ಹಡಗಲಿಯಲ್ಲಿ ಟೀಚರಾಗಿರುವ ಗೆಳತಿ ಸ್ಟೆಲ್ಲಾ ಹಿಂದಿನ ದಿನ ಫೋನ್ ಮಾಡಿ ಹೇಳಿದ್ದು ಥೇಟ್ ಅಂಥದೇ ಕತೆ.

ಅವರ ಚರ್ಚು ಸಣ್ಣದು. ಪ್ರತಿ ವರ್ಷ ಗೋದಲಿಯನ್ನು, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆಗಳನ್ನು, ಸ್ಟೆಲ್ಲಾ ಹಟ ಹಿಡಿದು ಬೀದಿಗೆ ಕಾಣುವಂತೆ ಹೊರಗಿನ ಜಗುಲಿಯ ಮೇಲೇ ಜೋಡಿಸುತ್ತಾಳೆ. ಓಣಿಯ ಹೆಂಗಸರು, ಮಕ್ಕಳು ಎಲ್ಲರೂ ಬಂದು ನೋಡಬೇಕು ಎಂಬುದು ಅವಳ ಆಸೆ. ಹಬ್ಬದ ಹಿಂದಿನ ಸಂಜೆ ಪ್ರಾರ್ಥನೆಯಲ್ಲಿ ಮಾತ್ರ ಕೂಸನ್ನು ಮಲಗಿಸುವುದು, ಅಲ್ಲಿವರೆಗೆ ತೊಟ್ಟಿಲು ಖಾಲಿ. ಈ ಸಲ ಆ ಖಾಲಿ ತೊಟ್ಟಿಲಲ್ಲಿ ದಿನಾ ಬೆಳಿಗ್ಗೆ ಒಂದು ಕಲ್ಲು ಮಲಗಿರುತ್ತಿತ್ತು. ಅದಕ್ಕೆ ಹಸಿರು ಬಟ್ಟೆ ಸುತ್ತಿ, ಮೇಲೆ ಕಾಡಿಗೆಯ ಬೊಟ್ಟು ಬೇರೆ. ಚರ್ಚಿನ ಹಿರಿಯ ಲಾರೆನ್ಸ್ ಅದನ್ನು ತೆಗೆದು ಕಾಂಪೌಂಡ್ ಬುಡಕ್ಕೆ ಇಟ್ಟರೆ ಮರುದಿನ ಮತ್ತೆ ತೊಟ್ಟಿಲಲ್ಲೇ ಹಾಜರ್.

"ಅವರು ಮಾಟ ಅಂತಿದ್ದಾರೆ ಅಕ್ಕಾ. ಊರಲ್ಲಿ ಗಲಾಟೆ ಬೇಡ ಅಂತ ಯಾರಿಗೂ ಹೇಳಿಲ್ಲ. ನಾಳೆಯೂ ಬಂದರೆ ಗೇಟಿಗೆ ಬೀಗ ಹಾಕಿ ಗೋದಲಿ ಒಳಗೆ ಇಡ್ತಾರಂತೆ. ಆಮೇಲೆ ಓಣಿಯವರು ಯಾರು ಬರ್ತಾರೆ?" ಎನ್ನುವಾಗ ಅವಳ ದನಿ ಅಳುವಿಗೆ ಬಂದಿತ್ತು. ಸ್ಟೆಲ್ಲಾ, ಲಾರೆನ್ಸ್ ಇಬ್ಬರೂ ಮಂಗಳೂರಿನ ಕಡೆಯವರು.

ಕೊಟ್ಟೂರಲ್ಲಿ ಇಳಿದೆ. ಅಲ್ಲಿ ಮಂಡಕ್ಕಿ ಮಿರ್ಚಿ ತಿನ್ನದೆ ಮುಂದೆ ಹೋಗುವವರನ್ನು ನಾನು ನಂಬುವುದಿಲ್ಲ. ಎಣ್ಣೆಯಿಂದ ಈಗಷ್ಟೇ ಎತ್ತಿದ ಮಿರ್ಚಿ ಬಾಯಿ ಸುಟ್ಟಿತು, ಕಣ್ಣಲ್ಲಿ ನೀರು ಬಂತು, ಆದರೂ ಇನ್ನೊಂದು ಹಾಕಿಸಿಕೊಂಡೆ. ಇಂಥ ಮಿರ್ಚಿ ಮಾಡುವ ಊರು ಜಗತ್ತಿನಲ್ಲಿ ಇನ್ನೊಂದಿಲ್ಲ ಎಂದು ಬರೆದುಕೊಡಲು ತಯಾರಿದ್ದೇನೆ.

ಹಗರಿಬೊಮ್ಮನಹಳ್ಳಿಯಲ್ಲಿ ಮತ್ತೆ ಬಸ್ಸು ಬದಲಿಸಿದೆ. ರಸ್ತೆಯ ಅಂಚಿಗೆಲ್ಲ ಮೆಕ್ಕೆಜೋಳ ಹರವಿದ್ದರು. ಡ್ರೈವರ್ ಒಂದು ಕಾಳೂ ತುಳಿಯದಂತೆ ಬಸ್ಸು ಹೊಡೆಯುತ್ತಿದ್ದ. ಪಕ್ಕದಲ್ಲಿ ಕೂತ ಅಜ್ಜಿಯ ತೊಡೆಯ ಮೇಲೆ ಎಳೆಗೂಸು ಮಲಗಿತ್ತು. ಅದರ ತಲೆಗೆ ಕುಂಚಿಗೆ ಕಟ್ಟಿದ್ದರು. ಅದನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿ ಸ್ಟೆಲ್ಲಾ ಕಳಿಸಿದ್ದ ಫೋಟೊ ತೆಗೆದೆ. ಕಲ್ಲಿಗೆ ಸುತ್ತಿದ್ದ ಹಸಿರು ಬಟ್ಟೆಯೂ ಕುಂಚಿಗೆಯೇ. ಅಜ್ಜಿಗೆ ತೋರಿಸಿದೆ.

"ಇದು ಒಳ್ಳಿನ ಗುಂಡಲ್ಲೇನವ್ವಾ. ತೊಟ್ಲಾಗ ಮೊದ್ಲು ಗುಂಡು ಹಾಕಿ, ಆಮ್ಯಾಲ ಕೂಸು ಹಾಕೋದು. ಗುಂಡುಕಲ್ಲಿನಂಗ ಗಟ್ಟಿ ಇರ್ಲಿ ಅಂತ. ನಮ್ಮ ಈ ಮಾರಾಯಗೂ ಮೊನ್ನಿ ಹಂಗ ಹಾಕೀವಿ" ಎಂದು ಅಜ್ಜಿ ಕೂಸಿನ ಮೂಗು ಹಿಂಡಿದಳು. "ಬರೇ ತೊಟ್ಲು ಯಾರರ ಇಡ್ತಾರೇನ?"

ಅಯ್ಯೋ ನನ್ನ ಬುದ್ಧಿಗಿಷ್ಟು. ನನ್ನ ಎರಡೂ ಮಕ್ಕಳ ತೊಟ್ಟಿಲಿಗೆ ನಮ್ಮತ್ತೆ ಇಟ್ಟದ್ದು ಇದೇ ರುಬ್ಬುವ ಒರಳಿನ ಗುಂಡನ್ನೇ. ಮಾಟ ಎಂಬ ಮಾತು ಕಿವಿಗೆ ಬಿದ್ದಿದ್ದೇ ತಡ, ಕಣ್ಣಿಗೂ ಅದೇ ಕಂಡಿತ್ತು. ಇನ್ನು ಉಳಿದದ್ದು ಇಟ್ಟವರು ಯಾರು ಎಂಬುದು.

ಹಡಗಲಿ ಮುಟ್ಟಿದಾಗ ಊಟದ ಹೊತ್ತು. ಚಳಿಗಾಲಕ್ಕೆ ಮೊಗ್ಗು ಕಡಿಮೆಯಾಗಿ ಮಲ್ಲಿಗೆ ತುಟ್ಟಿಯಾಗಿತ್ತು, ಆದರೂ ಹಡಗಲಿಗೆ ಬಂದು ಬರಿ ತಲೆಯಲ್ಲಿ ತಿರುಗುವುದುಂಟೇ ಎಂದು ಒಂದು ಮೊಳ ಮುಡಿದೆ. ಕಲ್ಲು ಅವತ್ತೂ ಬಂದಿತ್ತು, ನಾನು ನೋಡಲೆಂದು ಇನ್ನೂ ತೆಗೆದಿರಲಿಲ್ಲ. ಸ್ಟೆಲ್ಲಾ ಮತ್ತು ಲಾರೆನ್ಸ್ ನನ್ನನ್ನು ಚರ್ಚಿನೆದುರಿನ ನೀಲಮ್ಮನ ಖಾನಾವಳಿಗೆ ಕರೆದುಕೊಂಡು ಹೋದರು. ಬಿಸಿ ರೊಟ್ಟಿ, ಪುಂಡಿಪಲ್ಯ, ಹಸಿಮೆಣಸಿನಕಾಯಿ ಚಟ್ನಿ. ಗುಂಡಿನ ಅರ್ಥ ತಿಳಿಸೋಣ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಲಾರೆನ್ಸ್ ಚಟ್ನಿ ನೆಕ್ಕಿ ಮುಖ ಹುಳಿ ಮಾಡಿದರು.

"ಎಂಥ ನೀಲಮ್ಮ, ಈ ವಾರ ಪೂರ ಮಿಕ್ಸಿ ಚಟ್ನಿಯೇ? ಒರಳಿನದ್ದು ಇಲ್ವಾ? ಇದು ತಿನ್ಲಿಕ್ಕೆ ಆಗುದಿಲ್ಲ."

ನನ್ನ ಕಿವಿ ನೆಟ್ಟಗಾದವು. ಬಗ್ಗಿ ಹಿತ್ತಿಲ ಕಡೆ ನೋಡಿದೆ. ಒರಳಿನ ಕುಳಿಯಲ್ಲಿ ಉಳ್ಳಾಗಡ್ಡಿ ತುಂಬಿಟ್ಟಿದ್ದರು.

"ಗುಂಡು ಎಲ್ಲೈತ್ರಿ ನೀಲಮ್ಮಾರ?" ಎಂದೆ.

ನೀಲಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ. "ಎದುರಗಡಿ ತೊಟ್ಲಾಗ ಐತ್ರಿ. ನಸುಕಿನಾಗ ಕಸ ಹೊಡಿಯಾಕ ಬಾಗ್ಲ ತೆಗೆದ್ರ ಬರೇ ತೊಟ್ಲು ಕಣ್ಣಿಗೆ ಬೀಳ್ತಿತ್ತು. ಕೂಸು ಬರೋ ಮನಿ, ಹಂಗ ಇಡಬಾರ್ದು. ಯಾವನೋ ಪುಣ್ಯಾತ್ಮ ದಿನಾ ತೆಗೆದು ಗ್ವಾಡಿ ಬುಡಕ್ಕ ಒಗಿತಾನ್ರಿ. ಅಂವಗೇನು ಕೂಸು ಮರಿ ಇಲ್ಲೇನು?"

ಲಾರೆನ್ಸರ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಬಸ್ಸಿನ ಅಜ್ಜಿ ಹೇಳಿದ್ದನ್ನು ನಾನು ಮೆಲ್ಲಗೆ ವಿವರಿಸಿದೆ. ಅವರು ರೊಟ್ಟಿಯನ್ನು ತಟ್ಟೆಗಿಟ್ಟರು. ಆಮೇಲೆ, "ಆ ಪುಣ್ಯಾತ್ಮ ನಾನೇ, ನೀಲಮ್ಮ" ಎಂದರು. "ನಾನು ಬೇರೆ ಎಂಥದೋ ಗ್ರಹಿಸಿದ್ದೆ." ಏನು ಗ್ರಹಿಸಿದ್ದರೆಂದು ನೀಲಮ್ಮ ಕೇಳಲಿಲ್ಲ, ಇನ್ನೊಂದು ರೊಟ್ಟಿ ಹಾಕಿದಳು. ಆಕೆಯ ಮೇಲೆ ನನಗೆ ಪ್ರೀತಿ ಉಕ್ಕಿತು.

ಮರುದಿನ ಸಂಜೆ ನಕ್ಷತ್ರದ ದೀಪಗಳು ಹತ್ತಿದವು. ಗೇಟು ಹಾರುಹೊಡೆದಿತ್ತು, ಓಣಿಗೆ ಓಣಿಯೇ ಬಂದು ಜಗುಲಿಯ ಮುಂದೆ ನಿಂತಿತ್ತು. ಪ್ರಾರ್ಥನೆ ಮುಗಿದ ಮೇಲೆ ಲಾರೆನ್ಸ್ ಕೂಸಿನ ಗೊಂಬೆಯನ್ನು ಎತ್ತಿಕೊಂಡು ಬಂದು, "ನೀಲಮ್ಮ, ನೀವೇ ತೆಗೀಬೇಕು" ಎಂದರು. ಆಕೆ ಸೆರಗು ಹೊದ್ದು ಗುಂಡನ್ನು ಎತ್ತಿದಳು. ಅದರ ಮೈಯಿಂದ ಕುಂಚಿಗೆ ಬಿಚ್ಚಿ ಗೊಂಬೆಗೆ ಕಟ್ಟಿ ತೊಟ್ಟಿಲಲ್ಲಿ ಮಲಗಿಸಿದಳು. ಸ್ಟೆಲ್ಲಾ ಅಳುತ್ತಿದ್ದಳು. ನಾನೂ ಅತ್ತೆ, ಅದರಲ್ಲಿ ಮುಚ್ಚುಮರೆ ಏನು.

ಹಬ್ಬದ ಬೆಳಿಗ್ಗೆ ಕೇಕು ಕಟ್ಟಿಕೊಂಡು ಹರಪನಹಳ್ಳಿಯ ದಾರಿಯಾಗಿ ಊರಿಗೆ ಹೊರಟೆ. ಹತ್ತಿಸಲು ಬಂದಿದ್ದ ಲಾರೆನ್ಸ್ ಒಂದು ಕೆಲಸ ಹೇಳಿದ್ದರು. "ಹರಪನಹಳ್ಳಿಯಲ್ಲಿ ಕಲ್ಲು ಕಡೆಯುವವರು ಉಂಟಲ್ಲ, ಚರ್ಚಿಗೇ ಅಂತ ಒಂದು ಗುಂಡು ನೋಡಿ ಕಳಿಸಿ ಮಾರಾಯ್ರೆ. ಪ್ರತಿ ವರ್ಷ ನೀಲಮ್ಮನದ್ದು ತಂದರೆ ನನಗೆ ವಾರಗಟ್ಟಲೆ ಮಿಕ್ಸಿ ಚಟ್ನಿಯೇ ಗತಿ."

ಹರಪನಹಳ್ಳಿಯಲ್ಲಿ ಇಳಿದು ಒಳ್ಳೆ ನುಣುಪಾದ ಗುಂಡನ್ನು ಚೌಕಾಸಿ ಮಾಡಿ ಕೊಂಡೆ. ಗೀರು ಬೀಳಬಾರದೆಂದು ನನ್ನ ಶಾಲು ಸುತ್ತಿ, ಹಡಗಲಿಗೆ ಹೊರಟು ನಿಂತ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟೆ. ಎತ್ತಿ ನೋಡಿದವನೇ, "ಇದಕ್ಕ ಲಗೇಜ್ ಆಕ್ಕತ್ರಿ" ಎಂದ. ನಾನು ಪುಕ್ಕಟೆ ತಿರುಗಿದ ದಾರಿಗೆ ಕಲ್ಲಿಗೆ ಟಿಕೆಟ್ ತೆಗೆಸಿದೆ.

"ಎಲ್ಲಿಡಲಿ ಇದನ್ನ?" ಎಂದು ಅವನು ಸೀಟಿನ ಕೆಳಗೆ ಜಾಗ ಹುಡುಕುತ್ತಿದ್ದಾಗ ಮುಂದಿನ ಸೀಟಿನ ಹೆಂಗಸೊಬ್ಬಳು ಕೇಳಿದಳು, "ಏನೈತ್ರಿ ಅದ್ರಾಗ?"

"ತೊಟ್ಲಿಗೆ ಹಾಕೋ ಗುಂಡ್ರಿ. ಹಡಗಲಿ ಚರ್ಚಿಗೆ, ಮುಂದಿನ ವರ್ಷದ ಕೂಸಿಗೆ" ಎಂದೆ.

"ಮತ್ತ ಕಾಲಾಗ ಯಾಕ ಇಡ್ತೀರಿ? ಇತ್ಲಾಗ ಕೊಡ್ರಿ" ಎಂದು ಆಕೆ ಅದನ್ನು ಇಸಿದುಕೊಂಡು ತೊಡೆಯ ಮೇಲೆ ಮಲಗಿಸಿಕೊಂಡಳು, ಗಾಳಿ ಬರುವ ಕಡೆಗೆ ಶಾಲು ಎಳೆದು ಮುಚ್ಚಿದಳು. ಬಸ್ಸು ಹೊರಟಿತು. ನಿಲ್ದಾಣದಿಂದ ಹೊರಳುವಾಗ ಕಿಟಕಿಯಲ್ಲಿ ಕಂಡಿತು, ಪಕ್ಕದವಳ ಜೊತೆ ಏನೋ ಮಾತಾಡುತ್ತಿದ್ದ ಆಕೆಯ ಕೈ ತನ್ನಷ್ಟಕ್ಕೆ ಆ ಕಲ್ಲನ್ನು ತಟ್ಟುತ್ತಿತ್ತು.