ಆನೆಯ ಪಾಠ

ಮೂವತ್ತರ ದಶಕದ ಮಾತು. ಶಾಲಾ ತಪಾಸಣೆಗೆಂದು ಟಾಂಗಾ ಹತ್ತಿ ವಳಸಂಗದಾಚೆಯ ಒಂದು ಹಳ್ಳಿಗೆ ಹೋಗಿದ್ದೆ. ಮೂರನೆಯ ಇಯತ್ತೆಯ ಹುಡುಗಿಯೊಬ್ಬಳು ಎದ್ದು ನಿಂತು ಆನೆಯ ಪಾಠವನ್ನು ಸರಾಗವಾಗಿ ಓದತೊಡಗಿದಳು. ಗಾಳಿಗೆ ಪುಟ ಮಗುಚಿ ಬಾವಿಯ ಚಿತ್ರ ಬಂತು. ಅವಳ ಕಣ್ಣು ಪುಸ್ತಕದ ಮೇಲೇ ಇತ್ತು. ಬಾಯಲ್ಲಿ ಮಾತ್ರ ಆನೆಯ ಪಾಠ ತಪ್ಪಿಲ್ಲದೆ ಸಾಗಿತ್ತು.

"ಮಾಸ್ತರ್ರ, ಈಕಿಗೆ ಓದಾಕ ಬರ್ತದೇನ್ರಿ?" ಎಂದೆ.

ವಯಸ್ಸಾದ ಮಾಸ್ತರರು ತಲೆ ತಗ್ಗಿಸಿದರು. "ಮೊದಲ ಅಕ್ಷರಾ ಕಲಿಸ್ತಿದ್ದೆ ಸಾಹೇಬ್ರ. ತಡಾ ಆಗ್ತಿತ್ತು, ಹುಡುಗ್ರು ನಾಪಾಸ ಆಗ್ತಿದ್ರು. ಬಂದ ಸಾಹೇಬ್ರೆಲ್ಲಾ ಆನಿ ಪಾಠಾನ ಕೇಳ್ತಾರ. ಈಗ ಅದೊಂದ ಬಾಯಿಪಾಠ ಮಾಡಸ್ತೀನಿ. ಎಲ್ಲಾರೂ ಪಾಸ್."

ಇಷ್ಟು ಜಾಣ ಹುಡುಗಿ ಒಂದಕ್ಷರ ಕಲಿಯದೆ ಮುಂದಿನ ತರಗತಿಗೆ ಹೋಗುತ್ತಾಳಲ್ಲ ಎಂದು ದಾರಿಯುದ್ದಕ್ಕೂ ಸಂಕಟಪಟ್ಟೆ.

ಮರುದಿನ ಭಂಡಾರಕವಠೆ ಕಡೆಯ ಇನ್ನೊಂದು ಶಾಲೆಯಲ್ಲಿ ಬೇಕೆಂದೇ ಬೇರೆ ಪಾಠ ಓದಿಸಲು ಹೋದೆ. ತರಗತಿಗೆ ತರಗತಿಯೇ ಆನೆಯ ಪಾಠದ ಪುಟ ತೆರೆದು ಕುಳಿತಿತ್ತು. ಅಲ್ಲಿಯ ಮಾಸ್ತರರು ಮರುಕದಿಂದ ನನ್ನನ್ನೇ ನೋಡಿ, "ಸಾಹೇಬ್ರು ಹೊಸಬ್ರು ಅನಸ್ತದ" ಎಂದರು.