ಅವ್ವನ ಬಲಗೈ

ಆಗೆಲ್ಲ ನಮ್ಮ ಆದಿವಾಲದ ಕಡೆ ಜಗಳ ಬರೀ ಬೈದಾಟಕ್ಕೆ ಮುಗಿಯುತ್ತಿರಲಿಲ್ಲ. ಬಾಯಿ ಸೋತವರು ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಎದುರಿನವರ ಮೇಲೆ ತೂರುತ್ತಿದ್ದರು. ಅದು ಶಾಪ. ತೂರಿದ ಮೇಲೆ ಜಗಳ ನೋಡಲು ನಿಂತವರೂ ಮಾತಾಡದೆ ಮನೆಗೆ ಹೋಗುತ್ತಿದ್ದರು. ಚರ್ಚಿಗೆ ಹೋಗುವ ನಮ್ಮ ನಾಲ್ಕಾರು ಮನೆಯವರು ಹಾಗೆ ಮಾಡಬಾರದಿತ್ತು. ನಮ್ಮವ್ವ ಮಾಡಿದಳು.

ಜೋಜಪ್ಪ ಮಾವ ಅವ್ವನ ಬೆನ್ನಿಗೆ ಬಿದ್ದ ತಮ್ಮ. ಇಬ್ಬರ ಹೊಲಕ್ಕೂ ಒಂದೇ ಬೋರು. ಆ ವರ್ಷ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಶುರುವಾಗುವಾಗಲೇ ಬಿಸಿಲು ಕಾದಿತ್ತು. ನಮ್ಮ ಸರದಿಯ ನೀರನ್ನು ಮಾವ ತನ್ನ ತೆಂಗಿನ ಸಸಿಗೆ ತಿರುಗಿಸಿಕೊಂಡ. ಅವ್ವನ ಬಾಯಿ ಊರಿಗೇ ದೊಡ್ಡದು.

"ನೀ ಮಣ್ಣಾಗೋಗ!" ಎಂದು ಕೂಗಿ ತೂರಿಯೇಬಿಟ್ಟಳು.

ಮಾವ ತಲೆ ಕೊಡವಿಕೊಂಡು ನಕ್ಕ. "ಇನ್ನೊಂದ್ ಹಿಡಿ ತೂರಕ್ಕ, ಸಸಿಗೆ ಗೊಬ್ರ ಆಗ್ತೈತೆ."

ಅದೇ ವಾರ ಹೈವೇಯಲ್ಲಿ ಅವನ ಬೈಕಿಗೆ ಲಾರಿ ಗುದ್ದಿತು. ಹಿರಿಯೂರಿನ ಆಸ್ಪತ್ರೆಯಿಂದ ಬಂದದ್ದು ಹೆಣ. ಗುಂಡಿಗೆ ಎಲ್ಲರೂ ಹಿಡಿ ಮಣ್ಣು ಹಾಕುವಾಗ ಅವ್ವ ಬಲಗೈ ಮುಷ್ಟಿ ಬಿಗಿದು ನಿಂತುಬಿಟ್ಟಳು.

ಅಂದಿನಿಂದ ಆ ಕೈ ನನ್ನನ್ನು ಮುಟ್ಟಲಿಲ್ಲ. ಮುದ್ದೆ ಇಕ್ಕುವುದು ಎಡಗೈಯಲ್ಲಿ. ಎಣ್ಣೆ ಹಚ್ಚಿ ಜಡೆ ಹಾಕಲು ಅಜ್ಜಿ. ಕುಂಟೆಬಿಲ್ಲೆ ಆಡಿ ಮೊಣಕಾಲು ತರಚಿಕೊಂಡು ಬಂದರೆ, "ದೂರ ಇರವ್ವ, ಈ ಕೈ ಸರಿಯಿಲ್ಲ" ಎನ್ನುವಳು. ನಾನು ಸುಮ್ಮನೆ ಕೆಮ್ಮಿದರೂ ಅವಳ ಮುಖ ಬಿಳಿಚಿಕೊಳ್ಳುತ್ತಿತ್ತು. ತಮ್ಮನ ಸಾವಿಗೆ ದಂಡವಾಗಿ ಇನ್ನು ದೇವರು ನನ್ನನ್ನು ಕಿತ್ತುಕೊಳ್ಳುತ್ತಾನೆಂದು ಅವಳು ಕಾಯುತ್ತಿದ್ದಳು. ಅದು ಗೊತ್ತಾಗಿ ನಾನೂ ಕಾಯತೊಡಗಿದೆ.

ಪಾಪ ಒಪ್ಪಿಕೊಳ್ಳಲು ಫಾದರ್ ಹತ್ತಿರ ಪಾಪನಿವೇದನೆಗೂ ಹೋಗಿ ಬಂದಳು. ಬಂದವಳೇ ಅಜ್ಜಿಯ ಮುಂದೆ ಕುಕ್ಕರಿಸಿದಳು. "ಕ್ಷಮೆ ಆಯ್ತು, ಮೂರು ನಮೋ ಮರಿಯಾ ಹೇಳ್ಕ ಅಂದ್ರು ಫಾದರ್. ಕುರಿ ಹೊಲಕ್ಕೆ ನುಗ್ಗಿದ್ರೂ ಊರೋರು ಇದಕ್ಕಿಂತ ಜಾಸ್ತಿ ದಂಡ ಹಾಕ್ತಾರೆ. ಇದೊಂದು ಕ್ಷಮೆನಾ?"

"ನನ್ ಮಗನ್ನ ಕೊಂದಿದ್ದು ಲಾರಿ ಕಣೇ" ಎಂದಳು ಅಜ್ಜಿ. ಅವ್ವ ಕೇಳಿಸಿಕೊಳ್ಳಲಿಲ್ಲ.

ಶುಭ ಶುಕ್ರವಾರ ಮಧ್ಯಾಹ್ನ ನೀರು ಕುಡಿಯಲು ಒಳಗೆ ಬಂದೆ. ಒಪ್ಪೊತ್ತಿನ ದಿನ, ಅಡುಗೆಯಿಲ್ಲ. ಆದರೂ ಒಲೆ ಉರಿಯುತ್ತಿತ್ತು. ಮೇಲೆ ಬರೀ ಹೆಂಚು, ಕಾದು ಕೆಂಪಗಾಗಿತ್ತು. ಮುಂದೆ ಅವ್ವ ಕೂತಿದ್ದಳು. ಬಲಗೈಯ ಬಳೆಗಳನ್ನಷ್ಟೇ ಬಿಚ್ಚಿ ಪಕ್ಕಕ್ಕಿಟ್ಟಿದ್ದಳು.

ನಾನು ಕಿರುಚಿದ್ದಕ್ಕೆ ಅಜ್ಜಿ ಓಡಿ ಬಂದು ಬಿಂದಿಗೆ ನೀರನ್ನು ಒಲೆಗೆ ಸುರಿದಳು. ಮನೆ ತುಂಬ ಬೂದಿ, ಹಬೆ. ಅವ್ವನ ಹೆಸರು ಹಿಡಿದು ಕೂಗಿದಳು.

"ಲೇ ಲೂರ್ದಿ, ದಂಡ ನೀನೇ ಕಟ್ಟೋದಾದ್ರೆ ಆ ಸ್ವಾಮಿ ಯಾಕೆ ಶಿಲುಬೆ ಏರಿದ್ನೇ? ಅವನು ಪಟ್ಟಿದ್ದು ಸಾಲದಾ ನಿಂಗೆ?"

ಈಸ್ಟರ್ ದಿನ ಪರಮಪ್ರಸಾದದ ಸಾಲಿಗೆ ಅಜ್ಜಿಯೇ ಅವಳನ್ನು ನೂಕಿದಳು. ಫಾದರ್‌ಗೆ ಎಲ್ಲ ಹೇಳಿಟ್ಟಿದ್ದಳೆಂದು ಕಾಣುತ್ತದೆ. ನಮ್ಮಲ್ಲಿ ಪ್ರಸಾದ ನಾಲಿಗೆಯ ಮೇಲೆ ಇಡುವುದು. ಅವ್ವ ಕೈ ಸೆರಗಿನೊಳಗೆ ಬಚ್ಚಿಟ್ಟು ಬಾಯಿ ತೆರೆದಳು.

"ಬಾಯಲ್ಲಮ್ಮ. ಬಲಗೈ ಚಾಚು."

"ಬ್ಯಾಡ ಫಾದರ್, ಅದು ಕೆಟ್ಟ ಕೈ."

"ಅದಕ್ಕೇ ಕೇಳ್ತಿರೋದು."

ಅವರು ಕದಲಲಿಲ್ಲ. ಹಿಂದಿನ ಸಾಲೂ ನಿಂತಿತು. ಯಾರೋ "ಹೋಗಮ್ಮ ಬೇಗ" ಎಂದು ಗೊಣಗಿದರು. ಸೆರಗಿನಿಂದ ಮುಷ್ಟಿ ಹೊರಬಂತು. ಒಂದೊಂದೇ ಬೆರಳು ಬಿಚ್ಚಿತು. "ಕ್ರಿಸ್ತರ ಶರೀರ" ಎಂದು ಅವರು ಪ್ರಸಾದದ ಬಿಳಿ ಬಿಲ್ಲೆಯನ್ನು ಅಂಗೈಗೆ ಇಟ್ಟರು. "ಆಮೆನ್" ಎಂದಾಗ ಅವಳ ದನಿ ಮುಂದೆಯೇ ಕೂತಿದ್ದ ನನಗೂ ಕೇಳಿಸಲಿಲ್ಲ. ಬಂದು ಪಕ್ಕದಲ್ಲಿ ಕೂತು, ಬೆವರಿದ ಅದೇ ಕೈಯನ್ನು ನನ್ನ ತಲೆಯ ಮೇಲಿಟ್ಟಳು. ಪೂಜೆ ಮುಗಿಯುವವರೆಗೂ ತೆಗೆಯಲಿಲ್ಲ.

ಹಾಗೆ ಅವ್ವನ ಕೈ ನನಗೆ ಮರಳಿ ಸಿಕ್ಕಿತು. ಬಾಯಿ ಸಿಗಲಿಲ್ಲ. ಆಮೇಲೆ ಅವಳು ಯಾರನ್ನೂ ಬೈಯಲಿಲ್ಲ. ಬೈಸಿಕೊಳ್ಳುವಂಥದ್ದು ಮಾಡಿದಾಗ ನನ್ನನ್ನೂ. ತೆಂಗಿನಕಾಯಿ ಸುಲಿಯುವ ಕೂಲಿಗೆ ಹೋಗುತ್ತಲೇ ಓದಿ, ನಮ್ಮ ವಂಶಕ್ಕೇ ಮೊದಲ ಡಿಗ್ರಿ ತಂದವಳು ನಾನು. ಪಾಸಾದ ಸುದ್ದಿಯನ್ನು ಬಾಗಿಲಲ್ಲೇ ಕೂಗಿ ಹೇಳಿದೆ. ಇವತ್ತಾದರೂ ಬೀದಿಗೆಲ್ಲ ಕೇಳುವಂತೆ ಅವಳು ಕೂಗುತ್ತಾಳೆಂದು ಕಾದೆ. ಅವಳು ನನ್ನನ್ನು ಒಳಗೆಳೆದುಕೊಂಡು ಕೆನ್ನೆ ಸವರಿದಳು.

"ಮೆಲ್ಲಗೆ ಹೇಳವ್ವ. ಕೇಳಿಸ್ಕಂಡಾರು."

ಯಾರು, ಬೀದಿಯವರೋ ದೇವರೋ ಎಂದು ನಾನು ಕೇಳಲಿಲ್ಲ. ಈಗ ಕೇಳೋಣವೆಂದರೆ ಅವ್ವ ಇಲ್ಲ.